ಒಡೆದ ಗಾಜು, ಹೆಡ್‌ಮಾಸ್ತರರ ಬೆತ್ತ

ಆರ್.ಕೆ. ನಾರಾಯಣ್ ಅವರ ತಂದೆ ಮೈಸೂರಿನ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ತರರು. ಅಪ್ಪನ ಶಾಲೆಯಲ್ಲೇ ಓದಿದ ಈ ಮಗ 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಬೆತ್ತಕ್ಕೂ ಒಂದು ಪಾತ್ರ ಕೊಟ್ಟರು. ಚಳವಳಿಯ ಗದ್ದಲದಲ್ಲಿ ಸ್ವಾಮಿ ಶಾಲೆಯ ಗಾಜು ಒಡೆಯುತ್ತಾನೆ. ಬೆತ್ತ ಬೀಳುತ್ತದೆ, ಹುಡುಗ ಆ ಶಾಲೆಯನ್ನೇ ಬಿಟ್ಟು ಓಡುತ್ತಾನೆ. ಇನ್ನೊಂದು ಶಾಲೆಯಲ್ಲಿ ಡ್ರಿಲ್ ತಪ್ಪಿಸಿದ್ದಕ್ಕೆ ಮತ್ತೆ ಬೆತ್ತ. ಈ ಸಲ ಅದನ್ನು ಕಿತ್ತು ಕಿಟಕಿಯಾಚೆ ಎಸೆದು, ಊರು ಬಿಟ್ಟು, ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ಪಾಡು ಕಂಡು ನಕ್ಕವರು ಬಹಳ.

ನಗುವಿನ ಹಿಂದೊಂದು ಪ್ರಶ್ನೆಯಿದೆ. ಬೆತ್ತದಿಂದ ಒಡೆದ ಗಾಜು ಕೂಡಿತೇ? ಕೂಡಲಿಲ್ಲ. ಶಾಲೆ ಮಾತ್ರ ಒಬ್ಬ ಹುಡುಗನನ್ನು ಕಳೆದುಕೊಂಡಿತು.

ಇದೇ ಪ್ರಶ್ನೆಯಿಂದ ಹೊರಡುವ ವಿಚಾರವೇ ‘ರೆಸ್ಟೊರೇಟಿವ್ ಜಸ್ಟಿಸ್’, ಅಂದರೆ ಸರಿಪಡಿಸುವ ನ್ಯಾಯ. ದಂಡನೆ ಕೇಳುವುದು: ತಪ್ಪು ಯಾರದು, ಶಿಕ್ಷೆಯೇನು? ಸರಿಪಡಿಸುವ ನ್ಯಾಯ ಕೇಳುವುದು: ಯಾರಿಗೆ ನೋವಾಯಿತು, ಅವರಿಗೆ ಏನು ಬೇಕು, ಅದನ್ನು ತುಂಬಿಕೊಡುವ ಹೊಣೆ ಯಾರದು?

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಯುವಕರು ಕುಡಿದು 22 ಕಡೆ ಆಸ್ತಿಪಾಸ್ತಿ ಹಾಳುಮಾಡಿದರು. ಪ್ರೊಬೇಷನ್ ಅಧಿಕಾರಿಯ ಸಲಹೆಗೆ ನ್ಯಾಯಾಧೀಶರು ಒಪ್ಪಿದ್ದರಿಂದ ಅವರು ಮನೆಮನೆಗೆ ಹೋಗಿ, ನಷ್ಟವಾದವರ ಮುಖ ನೋಡಿ ಮಾತನಾಡಿ, ಹಣ ಕಟ್ಟಿಕೊಡಬೇಕಾಯಿತು. 1989ರಲ್ಲಿ ನ್ಯೂಜಿಲೆಂಡ್, ಮಾವೊರಿ ಜನರ ಪದ್ಧತಿಯಿಂದಲೂ ಕಲಿತು, ಬಾಲಾಪರಾಧಗಳ ವಿಚಾರಣೆಗೆ ಕುಟುಂಬಗಳ ಸಭೆಯನ್ನು ಕಾನೂನಿನಲ್ಲೇ ಸೇರಿಸಿತು. 1994ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಒಂದು ಹೈಸ್ಕೂಲು ಹಲ್ಲೆ ಪ್ರಕರಣವೊಂದಕ್ಕೆ ಇದೇ ದಾರಿ ಹಿಡಿಯಿತು.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವತನಕ ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ 16ನೇ ಕಲಂ. ಬೆತ್ತ ಕೆಳಗಿಡಿ ಎಂದದ್ದು ಸರಿ. ಬರಿದಾದ ಕೈಗೆ ಏನು ಎತ್ತಿಕೊಳ್ಳಬೇಕು ಎಂಬುದನ್ನು ಶಾಲೆಗಳೇ ಕಂಡುಕೊಳ್ಳಬೇಕು.

ಹೊಸ ದಾರಿ ಸುಲಭದ್ದೇನಲ್ಲ. ಬೆತ್ತದ ಏಟು ಅರೆ ನಿಮಿಷದ ಕೆಲಸ. ಜಗಳವಾಡಿದ ಮಕ್ಕಳನ್ನು ಎದುರುಬದುರು ಕೂರಿಸಿ, ಹೆತ್ತವರನ್ನೂ ಕರೆಸಿ ಮಾತನಾಡಿಸಲು ಅರ್ಧ ದಿನ ಬೇಕು. ಕಿಕ್ಕಿರಿದ ತರಗತಿಯ ಮೇಡಮ್ಮಿಗೆ ಆ ಬಿಡುವು ಎಲ್ಲಿಯದು? ಬಲವಂತದಿಂದ ಹೇಳಿಸಿದ ‘ತಪ್ಪಾಯ್ತು’ ಕೂಡ ಒಂದು ಶಿಕ್ಷೆಯೇ. ಪೆಟ್ಟು ತಿಂದ ಮಗುವಿಗೆ ಹೊಡೆದವನ ಎದುರು ಕೂರಲು ಇಷ್ಟವಿಲ್ಲದಿದ್ದರೆ ಕೂರಿಸಲೇಬಾರದು. ಅರಳಿಕಟ್ಟೆಯ ಪಂಚಾಯಿತಿಯಲ್ಲಿ ರಾಜಿಯ ಹೆಸರಿನಲ್ಲಿ ದುರ್ಬಲರ ಬಾಯಿ ಮುಚ್ಚಿಸಿದ್ದೂ ಉಂಟು. ಆ ತಪ್ಪು ಶಾಲೆಯಲ್ಲಿ ಮರುಕಳಿಸಬಾರದು.

ಇಷ್ಟೆಲ್ಲ ಎಚ್ಚರ ವಹಿಸಿ ನಡೆಸಿದ ಶಾಲೆಯಲ್ಲಿ ಸ್ವಾಮಿಗೆ ಏನಾಗುತ್ತಿತ್ತು? ಗಾಜಿನ ಚೂರು ಗುಡಿಸಬೇಕಾದ ಜವಾನನ ಮಾತನ್ನು ಅವನು ಕೇಳಬೇಕಾಗುತ್ತಿತ್ತು. ಹೊಸ ಗಾಜು ಕೂರಿಸುವಾಗ ಏಣಿ ಹಿಡಿಯಬೇಕಾಗುತ್ತಿತ್ತು. ಬೆತ್ತಕ್ಕಿಂತ ಇದು ಕಷ್ಟವೆನಿಸಿರಬಹುದು. ಆದರೆ ಮರುದಿನ ಅವನು ಅದೇ ಶಾಲೆಗೆ ಬರುತ್ತಿದ್ದ.