ಉಳುಕಿದ ಕಾಲಿಗೆ ಬಿಸಿಯೋ, ತಂಪೋ?

ಮೆಟ್ಟಿಲಿಳಿಯುವಾಗ ಕಾಲು ಹೊರಳಿ ಹರಡು ಉಳುಕಿತೆನ್ನಿ. ನಮ್ಮ ಮನೆಗಳಲ್ಲಿ ತಕ್ಷಣ ಒಲೆ ಏರುವುದು ಬಿಸಿನೀರಿನ ಪಾತ್ರೆ. ಅದರ ಹಿಂದೆಯೇ ಎಣ್ಣೆ ಬರುತ್ತದೆ, ನೀವುವ ಕೈ ಬರುತ್ತದೆ. ಉದ್ದೇಶ ಒಳ್ಳೆಯದೇ; ತಪ್ಪಿರುವುದು ಸಮಯ.

ಎಲುಬುಗಳನ್ನು ಒಂದಕ್ಕೊಂದು ಬಿಗಿದಿಡುವ ಅಸ್ಥಿರಜ್ಜುಗಳು ಅತಿಯಾಗಿ ಎಳೆಯಲ್ಪಟ್ಟು, ಕೆಲವು ಎಳೆಗಳು ಹರಿಯುವುದೇ ಉಳುಕು. ಜೊತೆಯಲ್ಲಿ ಸಣ್ಣ ರಕ್ತನಾಳಗಳೂ ಹರಿದು ರಕ್ತ ಮತ್ತು ದ್ರವ ಸುತ್ತಲೂ ಜಿನುಗುತ್ತವೆ. ಊತ ಬರುವುದು ಹೀಗೆ. ಈ ಹೊತ್ತಿನಲ್ಲಿ ಶಾಖ ಕೊಟ್ಟರೆ ರಕ್ತನಾಳಗಳು ಹಿಗ್ಗುತ್ತವೆ, ಜಿನುಗುವುದು ಹೆಚ್ಚುತ್ತದೆ. ಬೆಳಗಾಗುವಷ್ಟರಲ್ಲಿ ಕಾಲು ಚಪ್ಪಲಿಯೊಳಗೆ ಹೋಗದಷ್ಟು ಊದಿರಬಹುದು. ತಂಪು ಇದಕ್ಕೆ ವಿರುದ್ಧ. ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ, ನೋವಿನ ಸುದ್ದಿ ಒಯ್ಯುವ ನರಗಳ ವೇಗವನ್ನೂ ತಗ್ಗಿಸುತ್ತದೆ.

ತಣ್ಣೀರು ಸಾಲದೇ, ಮಂಜುಗಡ್ಡೆಯೇ ಏಕೆ? ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. 100 ಗ್ರಾಂ ಮಂಜುಗಡ್ಡೆ ಕರಗುವಾಗ ಕಾಲಿನಿಂದಲೂ ಸುತ್ತಲಿನಿಂದಲೂ 8,000 ಕ್ಯಾಲೊರಿ ಹೀರುತ್ತದೆ. ಅಷ್ಟೇ ತೂಕದ ಸೊನ್ನೆ ಡಿಗ್ರಿ ನೀರು ಹತ್ತು ಡಿಗ್ರಿಗೆ ಬರುವಾಗ ಹೀರುವುದು 1,000 ಮಾತ್ರ. ಆದರೆ ಫ್ರೀಜರಿನಿಂದ ಆಗಷ್ಟೇ ತೆಗೆದ ಗಡ್ಡೆ ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲಿರುತ್ತದೆ. ನೇರವಾಗಿ ಇಟ್ಟರೆ ಚರ್ಮಕ್ಕೆ ಹಾನಿ. ಚೂರು ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಬೇಕು. ಮತ್ತೆ ಇಡಲು ಒಂದೆರಡು ಗಂಟೆ ಬಿಡುವು ಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಮಡಕೆ ನೀರಿನಲ್ಲಿ ಅದ್ದಿದ ಬಟ್ಟೆಯೂ ಏನೂ ಇಲ್ಲದ್ದಕ್ಕಿಂತ ವಾಸಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಲು ಅಂತೂ ಖರ್ಚೇ ಇಲ್ಲ.

ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರಿಸುವುದು ಎಂಬ ನಾಲ್ಕಂಶದ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮರ್ಕಿನ್. 2014ರಲ್ಲಿ ಅವರೇ ಅದನ್ನು ತಿದ್ದಿದರು. ಊತವೂ ಗಾಯ ಮಾಯುವ ಕ್ರಿಯೆಯ ಭಾಗ, ಅತಿಯಾದ ತಂಪು ಅದನ್ನು ತಡಮಾಡಬಹುದು ಎಂಬುದು ಅವರ ಹೊಸ ಮಾತು. ಆದ್ದರಿಂದ ಮಂಜುಗಡ್ಡೆಯನ್ನು ಮೊದಲ ಒಂದೆರಡು ದಿನದ ನೋವಿಗಷ್ಟೇ ಬಳಸಿ, ನೋವು ಅನುಮತಿಸಿದಷ್ಟು ಕಾಲನ್ನು ಮೆಲ್ಲಗೆ ಆಡಿಸುವುದೇ ಸರಿ. ವಾರಗಟ್ಟಲೆ ಮಲಗಬೇಕಿಲ್ಲ.

ಅಜ್ಜಿಯ ಶಾಖಕ್ಕೂ ಕಾಲ ಬರುತ್ತದೆ. ಎರಡು ಮೂರು ದಿನ ಕಳೆದು, ಊತ ಇಳಿದು, ಬಿಗಿತ ಉಳಿದಾಗ ಬಿಸಿ ಹಿತ. ಹಿಡಿದ ಕುತ್ತಿಗೆಗೂ, ಹಳೆಯ ಸೊಂಟನೋವಿಗೂ ಹಾಗೆಯೇ. ಇಲ್ಲಿ ಉಪ್ಪಿನ ಗಂಟಿನ ಬಗ್ಗೆ ಒಂದು ಎಚ್ಚರಿಕೆ: ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿ ದಾಟದು, ಕಾವಲಿಯ ಮೇಲಿನ ಉಪ್ಪು, ಮರಳಿಗೆ ಆ ಕಡಿವಾಣವಿಲ್ಲ. ಮೊದಲು ಮುಂಗೈಗೆ ತಾಗಿಸಿ ನೋಡಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಡುವುದೇ ತಿಳಿಯುವುದಿಲ್ಲ. ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ. ಅಂಥವರ ಪಾದಕ್ಕೆ ಬಿಸಿಯೂ ಬೇಡ, ಮಂಜುಗಡ್ಡೆಯೂ ಬೇಡ. ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ರಿಸುವುದು ಯಾರಿಗೂ ತರವಲ್ಲ.

ಇನ್ನು, ಉಳುಕೋ ಮುರಿತವೋ ಎಂಬ ಪ್ರಶ್ನೆ. ಕೆನಡಾದ ಒಟ್ಟಾವಾ ವೈದ್ಯರು 1992ರಲ್ಲಿ ಪ್ರಕಟಿಸಿದ ಪರೀಕ್ಷೆ ಸರಳವಾಗಿದೆ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ, ಅಥವಾ ಹರಡಿನ ಎಲುಬಿನ ಹಿಂಬದಿ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಕಾಲು ಸೊಟ್ಟಗಾಗಿದ್ದರೆ, ಬೆರಳುಗಳು ಮರಗಟ್ಟಿದ್ದರೆ ಪರೀಕ್ಷೆಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು.