ಹಡಗಿನಲ್ಲಿ ಬಂದ ಡಿಸ್ಕೋ ತಟ್ಟೆಗಳು!

ಗೆಳೆಯರೇ, 1980ರಲ್ಲಿ ‘ಕುರ್ಬಾನಿ’ ತೆರೆ ಕಂಡಾಗ ಎಲ್ಲಿ ಹೋದರೂ ಅದರ ಡಿಸ್ಕೋ ಹಾಡೇ! ಹೋಟೆಲಿನಲ್ಲಿ ಅದೇ, ಮದುವೆ ಮನೆಯಲ್ಲಿ ಅದೇ, ಗಣೇಶನ ಪೆಂಡಾಲಿನಲ್ಲೂ ಅದೇ. ತೆರೆಯ ಮೇಲೆ ಬಳುಕಿದ್ದು ಜೀನತ್ ಅಮಾನ್, ಹಾಡಿದ್ದು ಹದಿನೈದು ವರ್ಷದ ಹುಡುಗಿ ನಾಜಿಯಾ ಹಸನ್ ಅಂತ ನಿಮ್ಮ ಅಪ್ಪ ಚಿಕ್ಕಪ್ಪಂದಿರು ಥಟ್ಟನೆ ಹೇಳುತ್ತಾರೆ. ರಾಗ ಹಾಕಿದವರು ಯಾರು ಅಂತ ಕೇಳಿ ನೋಡಿ... ಕಲ್ಯಾಣ್‌ಜಿ ಆನಂದ್‌ಜಿ ಅನ್ನುತ್ತಾರೆ! ಉಳಿದ ಹಾಡುಗಳು ಅವರವು, ನಿಜ. ಆದರೆ ಈ ಒಂದು ಹಾಡು ಮಾತ್ರ ಬಿಡ್ಡು ಎಂಬಾತನದು. ಆತ ಹುಟ್ಟಿದ್ದು ಲಂಡನ್ನಿನಲ್ಲೂ ಅಲ್ಲ, ಬೊಂಬಾಯಿಯಲ್ಲೂ ಅಲ್ಲ. ನಮ್ಮ ಬೆಂಗಳೂರಿನಲ್ಲಿ!

ಈ ಹೆಸರು ನನಗೆ ಅದಕ್ಕೆ ಒಂದು ವರ್ಷ ಮೊದಲೇ ಗೊತ್ತಿತ್ತು. ಹೇಗೆ ಅಂತೀರಾ? ಗಾನತಟ್ಟೆಯ ಬೆನ್ನು ಓದಿ! ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಭಂಡಾರಿಯ ತಮಾಷೆ

ನಾನು ಹಡಗಿನ ಖಲಾಸಿಯಾಗಿದ್ದವನು. ಮಂಗಳೂರು ಕಡೆಯವನು. 1977ರಿಂದ ಹತ್ತು ವರ್ಷ ಸರಕು ಹಡಗಿನಲ್ಲಿ ಉಪ್ಪುಗಾಳಿ ಕುಡಿದಿದ್ದೇನೆ. ಬಂದರಿನಲ್ಲಿ ಇಳಿದರೆ ಜೊತೆಯವರು ವಾಚು, ಟೇಪ್ ರೆಕಾರ್ಡರು, ಸೆಂಟು ಬಾಟ್ಲಿ ಕೊಳ್ಳುತ್ತಿದ್ದರು. ನಾನು ಮಾತ್ರ ರೆಕಾರ್ಡಿನ ಅಂಗಡಿ ಹುಡುಕಿಕೊಂಡು ಹೊರಡುತ್ತಿದ್ದೆ. ನಮ್ಮ ಹಡಗಿನ ಭಂಡಾರಿ, ಅಂದರೆ ಅಡುಗೆಯವರು, ಕುಂದಾಪುರದವರು. ನನ್ನ ಕಂಕುಳಲ್ಲಿದ್ದ ಕಟ್ಟು ನೋಡಿ, “ಎಂತ ಮಾಣಿ, ಈ ತಟ್ಟೆಯಗೆ ಉಂಬುಕೆ ಆತ್ತಾ?” ಅಂತ ನಗುತ್ತಿದ್ದರು.

ನನಗೆ ಹುಚ್ಚು ಹಿಡಿಸಿದ್ದು ಅಮೆರಿಕದ ಕಪ್ಪು ಜನರ ಸಂಗೀತ. ‘ಸೋಲ್’ ಅಂದರೆ ಚರ್ಚಿನ ಭಜನೆಯ ಗಂಟಲು, ಪ್ರೀತಿ ಪ್ರೇಮದ ಮಾತು. ‘ಫಂಕ್’ ಅಂದರೆ ಜೇಮ್ಸ್ ಬ್ರೌನ್ ತೋರಿಸಿದ ದಾರಿ: ತಾಳದ ಮೊದಲ ಪೆಟ್ಟಿಗೇ ಪೂರ್ತಿ ತೂಕ, ಗಿಟಾರು ತುತ್ತೂರಿ ಎಲ್ಲವೂ ಡ್ರಮ್ಮಿನ ಹಾಗೇ ಬಡಿಯಬೇಕು. ‘ಡಿಸ್ಕೋ’ ಅಂದರೆ ನಾಲ್ಕು ಪೆಟ್ಟೂ ಸಮಸಮ, ಕುಣಿಯುವ ಕಾಲು ನಿಲ್ಲಲೇಬಾರದು! ಆ ತಾಳ ಹದಗೊಂಡಿದ್ದು ಫಿಲಡೆಲ್ಫಿಯಾದಲ್ಲಿ. ನಮ್ಮ ರಾಜನ್-ನಾಗೇಂದ್ರರ ಹಾಗೆ ಅಲ್ಲಿ ಗ್ಯಾಂಬಲ್-ಹಫ್ ಅಂತ ಒಂದು ಜೋಡಿ. 1971ರಲ್ಲಿ ಸ್ವಂತ ಕಂಪನಿ ಕಟ್ಟಿ ಹಿಟ್ ಮೇಲೆ ಹಿಟ್ ಕೊಟ್ಟರು. ಅವರ ಹಾಡುಗಳಿಗೆ ಡ್ರಮ್ ಬಾರಿಸಿದ ಅರ್ಲ್ ಯಂಗ್ 1973ರಲ್ಲಿ ಒಂದು ಹಾಡಿಗೆ ಕೊಟ್ಟ ನಡೆಯೇ ಮುಂದೆ ಜಗತ್ತಿನ ಡಿಸ್ಕೋಗಳ ನಡೆಯಾಯಿತು.

ಮೂರು ಹಾಡಿನಲ್ಲೂ ಒಬ್ಬನೇ!

1979ರ ಅಕ್ಟೋಬರಿನಲ್ಲಿ ನಮ್ಮ ಹಡಗು ಅದೇ ಫಿಲಡೆಲ್ಫಿಯಾ ಬಂದರಿಗೆ ಬಂತು. ಐದು ದಿನ ತಂಗು. ಬಸ್ಸು ಹತ್ತಿ ಊರೊಳಗೆ ಹೋದೆ. ಒಂದು ಪುಟ್ಟ ಅಂಗಡಿ. ಗಲ್ಲಾದಲ್ಲಿ ಕಪ್ಪು ಜನಾಂಗದ ಒಬ್ಬ ಹಿರಿಯರು. ನಾನು ಹಾಡುಗಾರರ ಫೋಟೋ ನೋಡಿ ನೋಡಿ ತಟ್ಟೆ ಆರಿಸುತ್ತಿದ್ದೆ. ಅವರು ಕರೆದರು. “ಹುಡುಗಾ, ಮೂರು ಹಾಡು ಹಾಕ್ತೀನಿ. ಮೂರರಲ್ಲೂ ಒಬ್ಬನಿದ್ದಾನೆ. ಯಾರು ಹೇಳು.”

ಸುಪ್ರೀಮ್ಸ್ ಹುಡುಗಿಯರ ‘ಯು ಕಾಂಟ್ ಹರಿ ಲವ್’ ಹಾಕಿದರು. ಆಮೇಲೆ ಫೋರ್ ಟಾಪ್ಸ್ ತಂಡದ ‘ಬರ್ನಡೆಟ್’. ಕೊನೆಗೆ ಸ್ಟೀವಿ ವಂಡರ್‌ನ ‘ಐ ವಾಸ್ ಮೇಡ್ ಟು ಲವ್ ಹರ್’. ಒಂದು 1966ರದು, ಎರಡು 1967ರವು. ಹುಡುಗಿಯರ ದನಿ ಒಂದು, ಗಂಡಸರ ದನಿ ಇನ್ನೊಂದು, ಎಳೆ ಹುಡುಗನ ದನಿ ಮತ್ತೊಂದು. ಒಬ್ಬನೇ ಎಲ್ಲಿಂದ ಬಂದ? ನಾನು ಪೆಚ್ಚಾಗಿ ನಿಂತೆ.

ಅವರು ನಕ್ಕು ಮೇಲಿನ ಸ್ವರ ತಗ್ಗಿಸಿ ಕೆಳಗಿನ ದನಿ ಏರಿಸಿದರು. ಆಗ ಕೇಳಿಸಿತು ನೋಡಿ! ಹಾಡುಗಾರರ ಕಾಲ ಕೆಳಗೆ ಬಾಸ್ ಗಿಟಾರೊಂದು ಕುಣಿಯುತ್ತಾ, ಜಾರುತ್ತಾ, ಹಾರುತ್ತಾ ತನ್ನದೇ ಹಾಡು ಹಾಡುತ್ತಿತ್ತು. ಮೂರರಲ್ಲೂ ಅದೇ ಕೈ. ಜೇಮ್ಸ್ ಜೇಮರ್‌ಸನ್! ತಂತಿ ಮೀಟಲು ಅವರಿಗೆ ಒಂದೇ ಒಂದು ತೋರುಬೆರಳು ಸಾಕಿತ್ತಂತೆ. ಆ ಬೆರಳಿಗೆ ಗೆಳೆಯರು ‘ಕೊಕ್ಕೆ’ ಅಂತ ಹೆಸರಿಟ್ಟಿದ್ದರು.

ಇವೆಲ್ಲ ಡೆಟ್ರಾಯಿಟ್‌ನ ‘ಮೋಟೌನ್’ ಕಂಪನಿಯ ತಟ್ಟೆಗಳು. ಕಾರ್ ಕಾರ್ಖಾನೆಯಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತಂದು ಶುರು ಮಾಡಿದ ಕಂಪನಿ. ಒಂದು ಸಾದಾ ಮನೆಯೇ ಸ್ಟುಡಿಯೋ. ಹಾಡುಗಾರರು ತಾರೆಗಳಾದರು. ನುಡಿಸಿದವರು? ಹತ್ತು ವರ್ಷಕ್ಕೂ ಮೀರಿ ತಟ್ಟೆಯ ಮೇಲೆ ಅವರ ಹೆಸರೇ ಇಲ್ಲ! 1971ರಲ್ಲಿ ಮಾರ್ವಿನ್ ಗೇ ತನ್ನ ‘ವಾಟ್ಸ್ ಗೋಯಿಂಗ್ ಆನ್’ ತಟ್ಟೆಯ ಹೊದಿಕೆಯ ಮೇಲೆ ವಾದ್ಯಗಾರರ ಹೆಸರು ಹಾಕಿಸಿದಾಗಲೇ ಜೇಮರ್‌ಸನ್ ಹೆಸರು ಅಚ್ಚಾಗಿ ಜನರ ಕಣ್ಣಿಗೆ ಬಿದ್ದದ್ದು. ಅಂಗಡಿಯ ಹಿರಿಯರು ಆ ಹೊದಿಕೆಯನ್ನು ತಿರುಗಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

ಅಂದು ರಾತ್ರಿ ಹಡಗಿನ ನನ್ನ ಬಂಕಿನಲ್ಲಿ ಕೂತು ಚೀಟಿ ಹರಿದು ಪೆನ್ಸಿಲ್ಲಿನಲ್ಲಿ ಬರೆದೆ: ‘ಬಾಸ್: ಜೇಮ್ಸ್ ಜೇಮರ್‌ಸನ್.’ ಫೋರ್ ಟಾಪ್ಸ್ ತಟ್ಟೆಯೊಳಗೆ ಸಿಕ್ಕಿಸಿದೆ. ಅಲ್ಲಿಂದ ಮುಂದೆ ಅದೇ ಚಟ. ಹೆಸರು ಗೊತ್ತಾದ ಹಾಗೆಲ್ಲ ಒಂದೊಂದು ಚೀಟಿ, ಕನ್ನಡದಲ್ಲೇ!

ಟಾಕೀಸೇ ಸ್ಟುಡಿಯೋ!

ನೀವು ಸಿನಿಮಾ ಹುಚ್ಚರಲ್ಲವೇ? ಇದನ್ನು ಕೇಳಿ. ಮೆಂಫಿಸ್ ಊರಿನ ‘ಸ್ಟ್ಯಾಕ್ಸ್’ ಕಂಪನಿಯ ಸ್ಟುಡಿಯೋ ಒಂದು ಕಾಲಕ್ಕೆ ಟಾಕೀಸಾಗಿತ್ತು! ಹೆಸರು ಕ್ಯಾಪಿಟಲ್. ಕುರ್ಚಿ ಕಿತ್ತರು, ಇಳಿಜಾರು ನೆಲವನ್ನು ಹಾಗೇ ಬಿಟ್ಟರು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ರೆಕಾರ್ಡಿನ ಅಂಗಡಿ ತೆರೆದರು. ಕಪ್ಪು ಬಿಳಿ ಜನ ಒಂದೇ ಮೇಜಿಗೆ ಕೂರುವುದು ಕಷ್ಟವಿದ್ದ ಕಾಲದಲ್ಲಿ ಇಬ್ಬರು ಕಪ್ಪು, ಇಬ್ಬರು ಬಿಳಿ ವಾದ್ಯಗಾರರು ಆ ಇಳಿಜಾರಿನ ಮೇಲೆ ಜೊತೆಯಾಗಿ ನುಡಿಸಿದರು. ಇದೇ ಕಂಪನಿಯ ಐಸಾಕ್ ಹೇಯ್ಸ್ 1971ರ ‘ಶಾಫ್ಟ್’ ಚಿತ್ರಕ್ಕೆ ಸಂಗೀತ ಕೊಟ್ಟು, ಮರುವರ್ಷ ಅದರ ಹಾಡಿಗೆ ಆಸ್ಕರ್ ಗೆದ್ದರು. ಆ ಹಾಡಿನಲ್ಲಿ ಗಿಟಾರು ‘ವಾಕ ವಾಕ’ ಅಂತ ಮಾತಾಡುತ್ತದಲ್ಲ, ಅದು ಚಾರ್ಲ್ಸ್ ಪಿಟ್ಸ್ ಅವರ ಕೈಚಳಕ. ಅದಕ್ಕೂ ಒಂದು ಚೀಟಿ ಬರೆದೆ! 1975ರಲ್ಲಿ ಕಂಪನಿ ದಿವಾಳಿಯಾಯಿತು. 1989ರಲ್ಲಿ ಆ ಟಾಕೀಸನ್ನೂ ಕೆಡವಿದರು. 2003ರಲ್ಲಿ ಅದೇ ಜಾಗದಲ್ಲಿ ಅದರ ಹಾಗೇ ಕಾಣುವ ಸಂಗ್ರಹಾಲಯ ತೆರೆಯಿತು. ಕೆಡವುವುದು ಸುಲಭ, ಕಟ್ಟಲು ಹದಿನಾಲ್ಕು ವರ್ಷ ಬೇಕಾಯಿತು!

ಸಿಡಿದ ತಟ್ಟೆಗಳು

ಆ ಅಂಗಡಿಯಲ್ಲಿ ಡಿಸ್ಕೋ ತಟ್ಟೆಗಳ ಬೆಲೆ ಮಾತ್ರ ಪಾತಾಳ ಕಂಡಿತ್ತು. ಯಾಕೆ ಅಂತ ಕೇಳಿದೆ. ಹಿರಿಯರ ಮುಖ ಗಂಟಾಯಿತು. ಆ ವರ್ಷದ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೋ ಉದ್ಘೋಷಕನೊಬ್ಬ ಡಿಸ್ಕೋ ವಿರುದ್ಧ ‘ಸಂಹಾರ ರಾತ್ರಿ’ ನಡೆಸಿದ್ದ. ಒಂದು ಡಿಸ್ಕೋ ತಟ್ಟೆ ತಂದವರಿಗೆ 98 ಸೆಂಟಿಗೆ ಟಿಕೆಟ್ಟು! ಎರಡು ಆಟಗಳ ನಡುವೆ ಪೆಟ್ಟಿಗೆಗಟ್ಟಲೆ ತಟ್ಟೆಗಳಿಗೆ ಮದ್ದಿಟ್ಟು ಸಿಡಿಸಿದರು. ಸಾವಿರಾರು ಹುಡುಗರು ಮೈದಾನಕ್ಕೆ ನುಗ್ಗಿ ದಾಂಧಲೆ ಎಬ್ಬಿಸಿದರು. ಎರಡನೇ ಆಟ ನಡೆಯಲೇ ಇಲ್ಲ. ಅಂದು ಅಲ್ಲಿ ಜನರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದ ಕಪ್ಪು ಹುಡುಗ ವಿನ್ಸ್ ಲಾರೆನ್ಸ್ ಎಷ್ಟೋ ವರ್ಷದ ಮೇಲೆ ಹೇಳಿದ್ದು ಇಷ್ಟು: ಜನ ತಂದಿದ್ದ ತಟ್ಟೆಗಳೆಲ್ಲ ಡಿಸ್ಕೋ ಆಗಿರಲಿಲ್ಲ, ಕಪ್ಪು ಹಾಡುಗಾರರ ಬೇರೆ ತಟ್ಟೆಗಳೂ ಇದ್ದವು. ಅಂದರೆ ಸಿಟ್ಟು ಬರೀ ತಾಳದ ಮೇಲಲ್ಲ ಸ್ವಾಮಿ!

ಮಾರಾಟವಾಗದೆ ಉಳಿದ ತಟ್ಟೆಗಳ ಹೊದಿಕೆಯ ಮೂಲೆ ಕತ್ತರಿಸಿ ಅಗ್ಗಕ್ಕೆ ಬಿಡುವುದು ಆ ದೇಶದ ವಾಡಿಕೆ. ಅಂಥ ಮೂಲೆ ಹೋದ ತಟ್ಟೆಗಳನ್ನು ತಲಾ ಒಂದು ಡಾಲರಿಗೆ ಕಟ್ಟುಗಟ್ಟಿ ತಂದೆ. ಆ ರಾಶಿಯಲ್ಲೇ ಸಿಕ್ಕಿದ್ದು ‘ಕುಂಗ್ ಫೂ ಫೈಟಿಂಗ್’. 1974ರಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿದ ಹಾಡು. ಹಾಡಿದವರು ಜಮೈಕಾ ಮೂಲದ ಕಾರ್ಲ್ ಡಗ್ಲಾಸ್. ತಟ್ಟೆಯ ಹಿಂಬದಿ ತುಂಬಿಸಲು ಅಂತ ಲಂಡನ್ನಿನಲ್ಲಿ ಕೊನೇ ಗಳಿಗೆಯಲ್ಲಿ ಹತ್ತೇ ನಿಮಿಷದಲ್ಲಿ ಮುಗಿಸಿದ್ದಂತೆ! ಕೆಳಗೆ ಸಣ್ಣ ಅಕ್ಷರದಲ್ಲಿ ನಿರ್ಮಾಪಕರ ಹೆಸರು: ಬಿಡ್ಡು. “ನಿಮ್ಮ ದೇಶದವನೇ ಕಣಯ್ಯಾ,” ಅಂದರು ಹಿರಿಯರು. ಬೆಂಗಳೂರಿನವನು ಅಂತ ಗೊತ್ತಾದ ದಿನ ಹಡಗಿನಲ್ಲಿ ಭಂಡಾರಿಯವರಿಗೂ ಒಂದು ಕುಣಿತ ಕುಣಿಸಿದೆ!

ನಮ್ಮ ಕಥೆ ಬೇರೆಯೇ?

ಚಿತ್ರರಸಿಕರೇ, ನಮ್ಮ ಹಳೇ ಕನ್ನಡ ಚಿತ್ರಗೀತೆಗಳ ತಟ್ಟೆ ಸಿಕ್ಕರೆ ತಿರುಗಿಸಿ ನೋಡಿ. ಗಾಯಕರ ಹೆಸರಿದೆ, ಕವಿಯ ಹೆಸರಿದೆ, ಸಂಗೀತ ನಿರ್ದೇಶಕರ ಹೆಸರಿದೆ. ಪಲ್ಲವಿಗೆ ಮುಂಚೆ ಎದೆ ಕಲಕುವ ಆ ಕೊಳಲು ಯಾರದು? ಚರಣದ ಮಧ್ಯೆ ಅಳುವ ಪಿಟೀಲು ಯಾರದು? ಬಹುಪಾಲು ತಟ್ಟೆಗಳಲ್ಲಿ ಇಲ್ಲ. ಡೆಟ್ರಾಯಿಟ್ ಆದರೇನು, ಮದರಾಸು ಆದರೇನು! ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಎಂಬ 1970ರ ಹಾಡಿನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ ಡ್ರಮ್ಮಿನ ತುಣುಕನ್ನು ಎತ್ತಿ ಅಂಟಿಸಿಕೊಂಡ ಹಾಡುಗಳು ಸಾವಿರದ ಮೇಲಿವೆ. ಹಕ್ಕಿನ ಹಣ ಅವರ ಕೈ ಸೇರಲಿಲ್ಲ. 2017ರಲ್ಲಿ ತೀರಿಕೊಂಡರು. ಜೇಮರ್‌ಸನ್ 1983ರಲ್ಲೇ ಹೋದರು. ಅವರ ತಂಡದ ಮೇಲೆ ಪೂರ್ತಿ ಒಂದು ಚಿತ್ರ ಬಂದಿದ್ದು 2002ರಲ್ಲಿ!

ಚೀಟಿ ಮತ್ತೆ ಸಿಕ್ಕಿತು

ನನ್ನ ತಟ್ಟೆಗಳು ಏನಾದವು ಅಂತೀರಾ? 1988ರಲ್ಲಿ ತಂಗಿಯ ಮದುವೆ. ಹಡಗಿನ ಕೆಲಸ ಬಿಟ್ಟಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ಎಲ್ಲೆಲ್ಲೂ ಕ್ಯಾಸೆಟ್ಟಿನ ಕಾಲ, ತಟ್ಟೆ ಕೇಳುವವರೇ ಇಲ್ಲ. ಬೆಂಗಳೂರಿನ ಒಬ್ಬ ವ್ಯಾಪಾರಿ ತಲಾ ಐದು ರೂಪಾಯಿಯಂತೆ 310 ತಟ್ಟೆ ಎಣಿಸಿಕೊಂಡ. 1,550 ರೂಪಾಯಿ! ಮಾರ್ವಿನ್ ಗೇ ತಟ್ಟೆ ಒಂದನ್ನು ಮಾತ್ರ ಉಳಿಸಿಕೊಂಡೆ. ತಂಗಿ ಸುಖವಾಗಿದ್ದಾಳೆ, ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ರಾತ್ರಿ ಊಟ ಸೇರಲಿಲ್ಲ.

2012ರಲ್ಲಿ ಒಂದು ಭಾನುವಾರ. ಬೆಂಗಳೂರಿನ ಪೇಟೆಯ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಹುಡುಗ, ಕಾಲೇಜಿನವನಿರಬೇಕು, ತಟ್ಟೆಗಳ ರಾಶಿ ಕೆದಕುತ್ತಿದ್ದ. ಫೋರ್ ಟಾಪ್ಸ್ ತಟ್ಟೆ ಎತ್ತಿದ. ಮೂಲೆ ಕತ್ತರಿಸಿದ ಹೊದಿಕೆ. ಒಳಗಿಂದ ಹಳದಿಯಾದ ಚೀಟಿಯೊಂದು ಜಾರಿ ಬಿತ್ತು. ಮಾರುವವನು ಕಸ ಅಂತ ಎಸೆಯಲು ಕೈ ಚಾಚಿದ. ಹುಡುಗ ತಡೆದ.

“ಇರಿ ಅಣ್ಣ, ಏನೋ ಕನ್ನಡದಲ್ಲಿ ಬರೆದಿದೆ! ಜೇಮ್ಸ್ ಜೇಮರ್‌ಸನ್ ಅಂತೆ. ಯಾರು ಸಾರ್ ಇವ್ರು?” ಅಂತ ಪಕ್ಕದಲ್ಲಿದ್ದ ನನ್ನನ್ನೇ ಕೇಳಿದ.

ಬೆಲೆ 600 ರೂಪಾಯಿ. ಅವನ ಜೇಬಿನಲ್ಲಿ 400 ಇತ್ತು. ಉಳಿದ 200 ನಾನು ಕೊಟ್ಟೆ. ಚೀಟಿ ನನ್ನದು ಅಂತ ಹೇಳಲಿಲ್ಲ. ಅಂಚು ಹಿಡಿದು ಎತ್ತು, ಬೆರಳು ತಾಗಿಸಬೇಡ, ಮಲಗಿಸಿ ಒಂದರ ಮೇಲೊಂದು ಪೇರಿಸಬೇಡ, ನಿಲ್ಲಿಸಿಡು ಅಂತ ನಾಲ್ಕು ಬುದ್ಧಿಮಾತು ಹೇಳಿದೆ, ಅಷ್ಟೇ.

ಈಗ ನಿಮ್ಮ ಜೇಬಿನ ಫೋನಿನಲ್ಲಿ ಪ್ರಪಂಚದ ಹಾಡೆಲ್ಲ ಬರುತ್ತೆ. ಒಳ್ಳೆಯದೇ! ಆದರೆ ತಿರುಗಿಸಿ ಓದಲು ಅದಕ್ಕೆ ಬೆನ್ನಿಲ್ಲ ತಮ್ಮಂದಿರಾ. ಹಾಡು ಮೆಚ್ಚಿದರೆ ನುಡಿಸಿದವರು ಯಾರು ಅಂತ ಸ್ವಲ್ಪ ಹುಡುಕಿ. ಹೆಸರು ಸಿಕ್ಕರೆ ಒಂದು ಚೀಟಿಯಲ್ಲಿ ಬರೆದಿಡಿ. ಹೊರಡುವಾಗ ಆ ಹುಡುಗನಿಗೆ ಹೇಳಿದ ಕೊನೆಯ ಮಾತನ್ನೇ ನಿಮಗೂ ಹೇಳುತ್ತೇನೆ:

“ಮನೆಗೆ ಹೋಗಿ ಹಾಕು. ಮೊದಲ ಸಲ ಹಾಡುವವರನ್ನು ಕೇಳು. ಎರಡನೇ ಸಲ ಕೆಳಗಿನ ದನಿ ಕೇಳು.”