ಮುಪ್ಪಾದ ಕೋಶ ಸೊರಗುವುದಿಲ್ಲ, ಉಬ್ಬುತ್ತದೆ

ತಪ್ಪು ಕಲ್ಪನೆ: ಚರ್ಮ ಸುಕ್ಕುಗಟ್ಟುವ ಹಾಗೆ, ವಯಸ್ಸಾದಂತೆ ಜೀವಕೋಶಗಳೂ ಬಾಡಿ ಚಿಕ್ಕದಾಗುತ್ತವೆ.

ಸತ್ಯ: ಬಹುಪಾಲು ಇದಕ್ಕೆ ತದ್ವಿರುದ್ಧ. ಪ್ರಯೋಗಾಲಯದಲ್ಲಿ ಸಾಕಣೆ ಮಾಡಿದ ಕೋಶಕ್ಕೆ ಸಾವೇ ಇಲ್ಲ ಎಂಬ ವಿಜ್ಞಾನಿ ಅಲೆಕ್ಸಿಸ್ ಕ್ಯಾರೆಲ್ ಅವರ ಮಾತು ದಶಕಗಳ ಕಾಲ ವೇದವಾಕ್ಯವಾಗಿತ್ತು. 1961ರಲ್ಲಿ ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅದನ್ನು ಅಲ್ಲಗಳೆದರು. ಮಾನವ ಭ್ರೂಣದಿಂದ ತೆಗೆದ ಕೋಶಗಳು ಸುಮಾರು 50 ಸಲ ಇಮ್ಮಡಿಯಾಗಿ, ಆಮೇಲೆ ವಿಭಜನೆಯನ್ನೇ ನಿಲ್ಲಿಸಿಬಿಡುತ್ತಿದ್ದವು. ಸಾಯುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಬಗೆಯ ಎಳೆಯ ಕೋಶ (ಫೈಬ್ರೊಬ್ಲಾಸ್ಟ್) ತೆಳ್ಳಗೆ ಉದ್ದಕ್ಕಿರುತ್ತದೆ. ಮುಪ್ಪಾದದ್ದು ಚಪ್ಪಟೆಯಾಗಿ, ಅಂಕುಡೊಂಕು ಅಂಚಿನೊಡನೆ ಅಗಲಕ್ಕೆ ಹರಡಿಕೊಂಡಿರುತ್ತದೆ.

ತಪ್ಪು ಕಲ್ಪನೆ: ಸರಿ, ಉಬ್ಬುತ್ತದೆ. ಆದರೆ ಅದು ಮುಪ್ಪಿನ ಗುರುತು ಮಾತ್ರ, ಕಾರಣವಲ್ಲ.

ಸತ್ಯ: ಬಹಳ ಕಾಲ ವಿಜ್ಞಾನಿಗಳೂ ಹೀಗೇ ತಿಳಿದಿದ್ದರು. 2019ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆಂಜೆಲಿಕಾ ಅಮೋನ್ ಅವರ ತಂಡ ಯೀಸ್ಟ್ ಕೋಶಗಳನ್ನೂ ಮಾನವ ಕೋಶಗಳನ್ನೂ ವಿಭಜನೆಯಾಗದಂತೆ ತಡೆದು, ಬೆಳೆಯಲು ಮಾತ್ರ ಬಿಟ್ಟಿತು. ಕೋಶ ಹಿಗ್ಗುತ್ತಾ ಹೋಯಿತು, ಒಳಗಿನ ಡಿಎನ್‌ಎ ಮಾತ್ರ ಇದ್ದಷ್ಟೇ ಇತ್ತು. ಒಂದು ಮಿತಿ ದಾಟಿದ ಮೇಲೆ ಅಷ್ಟು ಡಿಎನ್‌ಎಯಿಂದ ಅಷ್ಟು ದೊಡ್ಡ ಕೋಶಕ್ಕೆ ಬೇಕಾದ ಆರ್‌ಎನ್‌ಎ, ಪ್ರೊಟೀನುಗಳನ್ನು ಪೂರೈಸಲಾಗಲಿಲ್ಲ. ನಾಲ್ವರಿಗೆ ಮಾಡಿದ ಸಾರಿಗೆ ನೀರು ಸುರಿದು ಹತ್ತು ಜನಕ್ಕೆ ಬಡಿಸಿದ ಹಾಗೆ ಕೋಶದ್ರವ ತೆಳುವಾಯಿತು, ಕೋಶದ ಕೆಲಸಗಳು ಕುಂಟತೊಡಗಿದವು. 2021ರಲ್ಲಿ ಇಲಿಗಳ ರಕ್ತದ ಕಾಂಡಕೋಶಗಳಲ್ಲೂ ಇಂಥದ್ದೇ ಕಂಡಿತು: ಉಬ್ಬಿದವು ಹೊಸ ರಕ್ತ ಕಟ್ಟುವ ಶಕ್ತಿ ಕಳೆದುಕೊಂಡವು, ಗಾತ್ರ ಇಳಿಸಿದಾಗ ಚೇತರಿಸಿಕೊಂಡವು. ನನಗೆ ಮನವರಿಕೆ ಮಾಡಿಸಿದ್ದು ಈ ಚೇತರಿಕೆಯೇ. ಬರೀ ಗುರುತಾಗಿದ್ದರೆ ಅದನ್ನು ಅಳಿಸಿದ ಮಾತ್ರಕ್ಕೆ ಶಕ್ತಿ ಮರಳುತ್ತಿರಲಿಲ್ಲ. ಹಾಗೆಂದು ಮುಪ್ಪಿಗೆ ಇದೊಂದೇ ಕಾರಣವಲ್ಲ. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್‌ಗಳ ಸವೆತ, ಡಿಎನ್‌ಎ ಹಾನಿಯ ಪಾಲೂ ಇದೆ.

ತಪ್ಪು ಕಲ್ಪನೆ: ದೊಡ್ಡ ಕೋಶವೆಲ್ಲ ಮುದಿ ಕೋಶ.

ಸತ್ಯ: ಅಲ್ಲ. ಹೆಣ್ಣಿನ ಅಂಡಾಣು ಸುಮಾರು 0.1 ಮಿಲಿಮೀಟರ್ ಇರುತ್ತದೆ, ಅದರ ಸಹಜ ಗಾತ್ರವೇ ಅಷ್ಟು. ಉದ್ದನೆಯ ಸ್ನಾಯುಕೋಶ ಹಲವು ಕೋಶಕೇಂದ್ರಗಳನ್ನು ಇಟ್ಟುಕೊಂಡು ಡಿಎನ್‌ಎ ಕೊರತೆಯನ್ನೇ ನೀಗಿಸಿಕೊಂಡಿದೆ.

ತಪ್ಪು ಕಲ್ಪನೆ: ಹಾಗಾದರೆ ಕೋಶದ ಬೆಳವಣಿಗೆ ತಡೆಯುವ ರಾಪಾಮೈಸಿನ್ ನುಂಗಿದರೆ ಮುಪ್ಪು ದೂರ.

ಸತ್ಯ: ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತ ಈ ಔಷಧ ಇಲಿಗಳ ಆಯಸ್ಸು ಹೆಚ್ಚಿಸಿದ್ದು ನಿಜ, 2009ರಲ್ಲೇ ವರದಿಯಾಗಿದೆ. ಮನುಷ್ಯರ ಆಯಸ್ಸು ಹೆಚ್ಚಿಸುತ್ತದೆಂಬುದು ಸಾಬೀತಾಗಿಲ್ಲ. ಕಿಡ್ನಿ ಕಸಿಯಾದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಔಷಧವಿದು. ವೈದ್ಯರನ್ನು ಕೇಳದೆ ಮುಟ್ಟಬೇಡಿ.